ಮರ್ಫ್ ವಾಚು: ಎರಡು ವರ್ಷ ಕೈಗೆ ಕಟ್ಟಿದ ಮೇಲೆ

ಸಿನಿಮಾ ಪಾತ್ರಗಳ ವಾಚುಗಳ ಹುಚ್ಚು ನನಗೆ ಬಹಳ ಹಳೆಯದು. 1971ರ ಲೆ ಮಾನ್ಸ್ ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಕಟ್ಟಿದ್ದ ಚೌಕದ ಹೋಯರ್ ಮೊನಾಕೊ, 1995ರಿಂದ ಬಾಂಡ್ ಕೈಗೆ ಬಂದ ಒಮೆಗಾ ಸೀಮಾಸ್ಟರ್, ಇವುಗಳ ಫೋಟೋ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅವು ನನ್ನ ಜೇಬಿಗೆ ಎಟುಕಲಿಲ್ಲ. ಎಟುಕಿದ್ದು ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮರ್ಫ್, 42 ಮಿಲಿಮೀಟರ್ ಅಗಲದ್ದು. ಅದಕ್ಕೂ ಒಂದೂವರೆ ವರ್ಷ ದುಡ್ಡು ಕೂಡಿಡಬೇಕಾಯಿತು.

ಇಂಟರ್‌ಸ್ಟೆಲ್ಲರ್ ನೋಡಿದವರಿಗೆ ಗೊತ್ತೇ ಇದೆ, ಅಪ್ಪ ಮಗಳು ಮರ್ಫ್‌ಗೆ ಕೊಟ್ಟು ಹೋದ ವಾಚಿನ ಸೆಕೆಂಡ್ ಮುಳ್ಳು ಮೋರ್ಸ್‌ನಲ್ಲಿ, ಅಂದರೆ ಅಕ್ಷರಗಳನ್ನು ಚುಕ್ಕಿ-ಗೆರೆಗಳಲ್ಲಿ ಹೇಳುವ ಸಂಕೇತದಲ್ಲಿ, ಮಿಡಿಯುತ್ತದೆ. ಸಿನಿಮಾ ಬಂದಿದ್ದು 2014ರಲ್ಲಿ. ಆ ವಾಚನ್ನು ಹ್ಯಾಮಿಲ್ಟನ್‌ನವರು ಚಿತ್ರಕ್ಕೆಂದೇ ಮಾಡಿದ್ದರು, ಅಂಗಡಿಗೆ ಬಂದಿದ್ದು 2019ರಲ್ಲಿ.

ಅದರ ಸೆಕೆಂಡ್ ಮುಳ್ಳಿನ ಮೇಲೆ "ಯುರೇಕಾ" ಅಂತ ಮೋರ್ಸ್‌ನಲ್ಲಿ ಅಚ್ಚು ಹಾಕಿದ್ದಾರೆ. ಬರಿಗಣ್ಣಿಗೆ ಕಾಣುವುದೇ ಕಷ್ಟ. ಮೊದಲ ವಾರ ನನಗೂ ಕಾಣಲಿಲ್ಲ, ಬೇಜಾರೂ ಆಯಿತು. ಆಮೇಲೆ ಒಂದು ರಾತ್ರಿ ಟೇಬಲ್ ದೀಪದ ಕೆಳಗೆ ಭೂತಗನ್ನಡಿ ಹಿಡಿದು ಓರೆಯಾಗಿ ನೋಡಿದೆ. ಒಂದು ಚುಕ್ಕಿ. ಎರಡು ಚುಕ್ಕಿ, ಒಂದು ಗೆರೆ. ನಿಜವಾಗಲೂ ಕಣ್ಣು ತುಂಬಿ ಬಂತು. ಈಗ ಅದು ಅಲ್ಲಿದೆ ಅನ್ನುವುದು ಗೊತ್ತಿದ್ದರೆ ಸಾಕು, ನೋಡಲೇಬೇಕು ಅಂತಿಲ್ಲ.

ಅಳತೆಯ ವಿಷಯಕ್ಕೆ ಬಂದರೆ ಅಷ್ಟು ಖುಷಿಯಿಲ್ಲ. ನನ್ನ ಮಣಿಕಟ್ಟು ಸಣ್ಣದು. ಬೆಲ್ಟು ಸೇರುವ ಎರಡೂ ತುದಿ ಮಣಿಕಟ್ಟಿನ ಅಂಚಿನವರೆಗೆ ಚಾಚಿಕೊಂಡಿವೆ, ತುಂಬು ತೋಳಿನ ಶರ್ಟು ಹಾಕಿದರೆ ತೋಳಿನೊಳಗೆ ಹೋಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬರೆಯುತ್ತಾ ಕೂತಾಗ ಟೇಬಲ್ಲಿಗೂ ತಾಗುತ್ತದೆ. 2022ರಲ್ಲೇ 38 ಮಿಲಿಮೀಟರಿನದೂ ಬಂದಿತ್ತು. ಎರಡನ್ನೂ ಕಟ್ಟಿ ನೋಡದೆ ತಗೊಂಡಿದ್ದು ನನ್ನ ತಪ್ಪು. ನೀವು ಹಾಗೆ ಮಾಡಬೇಡಿ. ಮೊದಲ ಆರು ತಿಂಗಳು ಇದನ್ನು ಮಾರಿಬಿಡೋಣ ಅಂತಲೇ ಇದ್ದೆ.

ಮನಸ್ಸು ಬದಲಾಗಿದ್ದು ಕೀಲಿ ಕೊಡುವ ಹೊತ್ತಿನಲ್ಲಿ. ಇದು ಆಟೋಮ್ಯಾಟಿಕ್, ಅಂದರೆ ಕಟ್ಟಿದ ಕೈ ಅಲುಗಾಡಿದರೆ ತಾನೇ ಕೀಲಿ ತುಂಬಿಕೊಳ್ಳುತ್ತದೆ; ಪೂರ್ತಿ ಕೀಲಿ ಇದ್ದರೆ 80 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ನಡೆಯುತ್ತಿರುತ್ತದೆ. ರಜೆ ಜಾಸ್ತಿ ಆದಾಗ ಮಾತ್ರ ನಿಲ್ಲುತ್ತದೆ, ಆಗ ನನಗೆ ಹಬ್ಬ. ವಾಚಿನ ಪಕ್ಕದ ತಿರುಪನ್ನು ನಿಧಾನಕ್ಕೆ ಸುಮಾರು ಮೂವತ್ತು ಸುತ್ತು ತಿರುಗಿಸುತ್ತೇನೆ, ಬೆರಳ ತುದಿಗೆ ಕರಕರ ಅಂತ ತಿಳಿಯುತ್ತದೆ. ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬಂದಾಗ ತಿರುಪು ಹೊರಗೆಳೆದರೆ ಅಲ್ಲೇ ನಿಲ್ಲುತ್ತದೆ. ಸಮಯ ಕೂಡಿಸಿ, ಫೋನಿನ ಗಡಿಯಾರ ನೋಡುತ್ತಾ ಕಾದು, ಸರಿಯಾದ ಕ್ಷಣಕ್ಕೆ ಒಳಗೆ ಒತ್ತುತ್ತೇನೆ. ತಾರೀಖು ಇಲ್ಲದ ಡಯಲ್, ಹಾಗಾಗಿ ಬೇರೇನೂ ತಿದ್ದುವ ಗೋಜಿಲ್ಲ. ಇಷ್ಟಕ್ಕೇ ಬೆಳಗ್ಗೆ ಐದು ನಿಮಿಷ ಬೇಗ ಏಳುತ್ತೇನೆ.

ಎರಡು ವರ್ಷದಲ್ಲಿ ಇದನ್ನು ಯಾರೂ ಗುರುತು ಹಿಡಿದಿಲ್ಲ. ಮಗಳು ಮಾತ್ರ ಒಂದು ದಿನ ಸಿನಿಮಾ ನೋಡಿ ಮುಗಿಸಿ, ಏನೂ ಹೇಳದೆ ಬಂದು ನನ್ನ ಕೈ ಹಿಡಿದು ವಾಚನ್ನು ಕಿವಿಗೆ ಇಟ್ಟುಕೊಂಡಳು. ಮಾರುವ ಯೋಚನೆ ಆವತ್ತಿಗೇ ಬಿಟ್ಟೆ. ಅವಳ ಕೈಗಂತೂ ಇದು ಇನ್ನೂ ದೊಡ್ಡದು.