‘ಒಂದು ಗ್ರಾಂ ಗೋಲ್ಡ್’ ಒಡವೆ ಕೊಳ್ಳುವ ಮುಂಚೆ ಮೈಕ್ರಾನ್ ಕೇಳಿ

ಮದುವೆಗೆಂದು ‘ಒಂದು ಗ್ರಾಂ ಗೋಲ್ಡ್’ ಒಡವೆ ಹುಡುಕುತ್ತಾ ದುರ್ಗದಬೈಲ್ ಪೇಟೆ ಕಡೆ ಹೊರಟಿದ್ದರೆ ದಯವಿಟ್ಟು ಇದನ್ನು ಓದಿ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ತಂಗಿಗೆ ಬೋರಮಾಳ ಸರ ತಗೊಂಡೆವು. “ಒಂದು ಗ್ರಾಂ ಬಂಗಾರ ಹಾಕೇವ್ರಿ ಅಕ್ಕಾರ, ಐದು ವರ್ಷ ಬಣ್ಣ ಹೋಗಂಗಿಲ್ಲ” ಅಂದರು. ಮಳೆಗಾಲ ಶುರುವಾಗುವಷ್ಟರಲ್ಲಿ ಕುತ್ತಿಗೆಗೆ ತಾಗುವ ಗುಂಡುಗಳು ಕಪ್ಪಾದವು. ತಂಗಿಗೆ ಕುತ್ತಿಗೆ ಸುತ್ತ ಕೆಂಪು ಗುಳ್ಳೆ, ರಾತ್ರಿಯೆಲ್ಲ ತುರಿಕೆ. ಕೇಳಲು ಹೋದರೆ “ನಿಮಗ ಬೆವರು ಜಾಸ್ತಿರಿ” ಎಂದು ತಪ್ಪನ್ನು ಅವಳ ಮೇಲೇ ಹಾಕಿದರು. ಹೋದ ಹಣಕ್ಕಿಂತ ಆ ಮಾತಿಗೆ ನನಗೆ ಹೆಚ್ಚು ಸಿಟ್ಟು ಬಂತು. ಬಿಲ್ಲಿನಲ್ಲಿ ‘ಫ್ಯಾನ್ಸಿ ಸರ’ ಅಂತಷ್ಟೇ ಇತ್ತು.

ನಮ್ಮ ಓಣಿಯ ಪತ್ತಾರರು (ಅಕ್ಕಸಾಲಿಗರು) ಸರ ನೋಡಿ ಎಲ್ಲ ಬಿಡಿಸಿ ಹೇಳಿದರು. ಒಳಗಿರುವುದು ಹಿತ್ತಾಳೆ. ಅದರ ಜಿಡ್ಡು ತೆಗೆದು, ನೆಗೆಟಿವ್ ತಂತಿಗೆ ಕಟ್ಟಿ, ಬಂಗಾರದ ಲವಣ ಕರಗಿಸಿದ ನೀರಿನಲ್ಲಿ ಇಳಿಬಿಟ್ಟು ಕರೆಂಟ್ ಹಾಯಿಸುತ್ತಾರೆ. ನೀರಿನಲ್ಲಿರುವ ಬಂಗಾರ ಬಂದು ಒಡವೆ ಮೇಲೆ ಕೂರುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಪದರ ದಪ್ಪ. ಬೇಗ ತೆಗೆದರೆ ಬರೀ ಬಣ್ಣ. ಹಿತ್ತಾಳೆಯಲ್ಲಿರುವ ತಾಮ್ರ ನಿಧಾನಕ್ಕೆ ಬಂಗಾರದೊಳಗೆ ಏರಿ ಬಣ್ಣ ಕೆಡಿಸುತ್ತದೆ. ಅದನ್ನು ತಡೆಯಲು ನಡುವೆ ನಿಕ್ಕಲ್ ಪದರ ಕೊಡುವುದುಂಟು. ಮೇಲಿನ ಬಂಗಾರ ಸವೆದರೆ ಅದೇ ನಿಕ್ಕಲ್ ಮೈಗೆ ತಾಗುತ್ತದೆ. ತಂಗಿಗೆ ಆಗಿದ್ದು ನಿಕ್ಕಲ್ ಅಲರ್ಜಿ ಎಂದು ಚರ್ಮದ ಡಾಕ್ಟರೂ ಹೇಳಿದರು.

ಒಂದು ಗ್ರಾಂ ಅನ್ನುವುದನ್ನೂ ಲೆಕ್ಕ ಹಾಕಿ ನೋಡಿ. ಮಿಲಿಮೀಟರಿನ ಸಾವಿರದ ಒಂದು ಪಾಲು ಅಂದರೆ ಒಂದು ಮೈಕ್ರಾನ್. ಒಡವೆಯ ಮೇಲ್ಮೈ 100 ಚದರ ಸೆಂಟಿಮೀಟರ್ ಇದ್ದು, ಪದರ 0.1 ಮೈಕ್ರಾನ್ ಇದ್ದರೆ ಅದರಲ್ಲಿ ಇರುವ ಬಂಗಾರ ಸುಮಾರು 20 ಮಿಲಿಗ್ರಾಂ. ಅಷ್ಟೇ! ನಿಜವಾಗಿ ಒಂದು ಗ್ರಾಂ ಕೂರಬೇಕಾದರೆ ಪದರ 5 ಮೈಕ್ರಾನ್ ದಾಟಬೇಕು. ಇಂಥ ಒಡವೆಯ ಕಡಿಮೆ ದರಕ್ಕೆ ಅಷ್ಟು ಬಂಗಾರ ಯಾರು ಕೊಡುತ್ತಾರೆ? ಒಂದು ಗ್ರಾಂ ಬಂಗಾರದ ಇವತ್ತಿನ ರೇಟು ನೋಡಿದರೆ ಸಾಕು, ಗೊತ್ತಾಗುತ್ತದೆ.

ಕಡಿಮೆ ಬೆಲೆಯ ಒಡವೆ ಹಾಕಿಕೊಳ್ಳುವುದರಲ್ಲಿ ಏನೂ ತಪ್ಪಿಲ್ಲ. ಸುಳ್ಳು ಹೇಳಿ ಮಾರುವುದು ತಪ್ಪು. ಎಷ್ಟು ಮೈಕ್ರಾನ್, ಒಳಗಿನ ಲೋಹ ಯಾವುದು, ನಿಕ್ಕಲ್ ಇದೆಯಾ, ಗ್ಯಾರಂಟಿ ಎಂದರೆ ಹಣ ವಾಪಸ್ ಕೊಡುತ್ತಾರಾ ಅಥವಾ ಸುಮ್ನೆ ಮತ್ತೊಮ್ಮೆ ಪಾಲಿಶ್ ಮಾಡಿಕೊಡುತ್ತಾರಾ, ಇದೆಲ್ಲ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲಿ ಕೊಳ್ಳಬೇಡಿ. ಹಿತ್ತಾಳೆ ಮೇಲೆ ಬಂಗಾರ ಹಾಕಿದ ಒಡವೆಗೆ, ಬಂಗಾರದ ಶುದ್ಧತೆಯ ಸರ್ಕಾರಿ ಗುರುತಾದ ಹಾಲ್‌ಮಾರ್ಕ್ ಸಿಗುವುದಿಲ್ಲ. ಯಾರಾದರೂ ಅದರ ಮೇಲೆ ಹಾಲ್‌ಮಾರ್ಕಿನದೆಂದು 6 ಅಕ್ಷರ-ಅಂಕಿಗಳ ಕೋಡ್ ತೋರಿಸಿದರೆ, ಅಲ್ಲೇ ನಿಂತು ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ.