ಹೊಲಕ್ಕೇ ಬರುವ ಮಣ್ಣಿನ ಯಂತ್ರ: ಇಂಗಾಲಕ್ಕೆ ನಂಬಿ, ರಂಜಕಕ್ಕೆ ಬೇಡ

ತುಮಕೂರು ಕಡೆ ನಮ್ಮದು ಮೂರು ಎಕರೆ ಕೆಂಪು ಮಣ್ಣು. ರಾಗಿ, ಅವರೆ ಬೆಳೆಯುತ್ತೇವೆ. ಏಪ್ರಿಲ್‌ನಲ್ಲಿ ಒಂದು ಖಾಸಗಿ ಸಂಸ್ಥೆಯವರನ್ನು ಕರೆಸಿ ಮಣ್ಣು ನೋಡಿಸಿದೆ. ಒಂದು ಸಲಕ್ಕೆ 600 ರೂಪಾಯಿ. ಹೊಲದಲ್ಲಿ ಎಷ್ಟು ಕಡೆ ಬೇಕಾದರೂ ನೋಡುತ್ತಾರೆ.

ಯಂತ್ರ ಅಂಗೈಯಷ್ಟೇ. ಅದು ನಿಯರ್ ಇನ್‌ಫ್ರಾರೆಡ್ ಬೆಳಕನ್ನು ಮಣ್ಣಿನ ಮೇಲೆ ಬಿಟ್ಟು, ಎಷ್ಟು ವಾಪಸ್ ಬಂತು ಅಂತ ಅಳೆಯುತ್ತದೆ. ಈ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಸಾವಯವ ಅಂಶ, ಜೇಡಿ, ನೀರು ಒಂದೊಂದೂ ಬೇರೆ ಬೇರೆ ತರಂಗಾಂತರದಲ್ಲಿ (ಬೆಳಕಿನ ಅಲೆಯ ಉದ್ದ) ಅದನ್ನು ಹೀರುತ್ತವೆ. ಮೊದಲೇ ಲ್ಯಾಬಿನಲ್ಲಿ ಪರೀಕ್ಷಿಸಿದ ಮಣ್ಣುಗಳ ಜೊತೆ ಹೋಲಿಸಿ ಮೊಬೈಲಿಗೆ ಅಂದಾಜು ಬರುತ್ತದೆ.

ಹಿಂದಿನ ಸಂಜೆ ಮಳೆ ಬಂದಿತ್ತು. ಬಂದ ಹುಡುಗ ಹಸಿ ಮಣ್ಣಿನ ಮೇಲೇ ಯಂತ್ರ ಇಟ್ಟ. ಸಾವಯವ ಇಂಗಾಲ, ಅಂದರೆ ಕೊಳೆತ ಗಿಡ, ಗೊಬ್ಬರದಿಂದ ಮಣ್ಣಿಗೆ ಸೇರುವ ಇಂಗಾಲ, ಶೇ. 0.9 ಅಂತ ಬಂತು. ಕೊಟ್ಟಿಗೆ ಗೊಬ್ಬರ ಹಾಕಿ ಮೂರು ವರ್ಷವಾದ ಹೊಲದಲ್ಲಿ ಅಷ್ಟು ಹೇಗೆ ಇರುತ್ತದೆ? ನಾನು ಒಪ್ಪಲಿಲ್ಲ. 1,400 ಮತ್ತು 1,900 ನ್ಯಾನೋಮೀಟರ್ ತರಂಗಾಂತರದ ಹತ್ತಿರ ನೀರು ಬೆಳಕನ್ನು ಜೋರಾಗಿ ಹೀರಿ ಉಳಿದ ಗುರುತುಗಳನ್ನು ಮುಚ್ಚಿಬಿಡುತ್ತದೆ. ಹನ್ನೊಂದು ಕಡೆ ಆರು ಇಂಚು ಆಳದ ಮಣ್ಣು ತೆಗೆದು, ಜಗುಲಿ ಮೇಲೆ ನೆರಳಲ್ಲಿ ಒಣಗಿಸಿ, ಕುಟ್ಟಿ ಜರಡಿ ಹಿಡಿದಿಟ್ಟೆ. ಹುಡುಗ ದುಡ್ಡು ಕೇಳದೆ ಮತ್ತೆ ಬಂದ. ಅದು ಮೆಚ್ಚಬೇಕಾದ್ದು.

ಈ ಸಲ ಹೊಲದ ನಿಜವಾದ ಚಿತ್ರ ಸಿಕ್ಕಿತು. ಹೊಂಗೆ ಮರದ ಬದು ಹತ್ತಿರ ಇಂಗಾಲ 0.8, ದಿಣ್ಣೆ ಮೇಲೆ ಬರೀ 0.3. ಇಡೀ ಹೊಲದ ಮಣ್ಣು ಕಲಸಿ ಕೊಟ್ಟಿದ್ದರೆ ಈ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ ಅಲ್ವಾ? ದಿಣ್ಣೆ ಮಣ್ಣನ್ನು ಕೃಷಿ ವಿಜ್ಞಾನ ಕೇಂದ್ರದ ಲ್ಯಾಬಿಗೂ ಕೊಟ್ಟೆ. ಅಲ್ಲಿ 0.34 ಬಂತು. 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ.

ರಂಜಕದ ವಿಷಯ ಮಾತ್ರ ಬೇರೆ. ಯಂತ್ರದ ವರದಿ 'ಕಡಿಮೆ, ಡಿಎಪಿ ಹಾಕಿ' ಅಂದಿತು. ಡಿಎಪಿ ಅಂದರೆ ರಂಜಕ ಇರುವ ರಾಸಾಯನಿಕ ಗೊಬ್ಬರ. ಲ್ಯಾಬ್ ವರದಿಯಲ್ಲಿ ರಂಜಕ 'ಹೆಚ್ಚು'. ವರ್ಷಾವರ್ಷ ಡಿಎಪಿ ಸುರಿದ ಹೊಲ ಅದು. ಬೆಳೆಗೆ ಸಿಗುವ ರಂಜಕಕ್ಕೆ, ಪೊಟ್ಯಾಷಿಗೆ ಈ ಬೆಳಕಿನಲ್ಲಿ ತಮ್ಮದೇ ಗುರುತು ಇಲ್ಲ. ಜೇಡಿ, ಸಾವಯವ ಅಂಶ ನೋಡಿ ಸುತ್ತಿಬಳಸಿ ಊಹಿಸಬೇಕು. ಯಾವ ಊರಿನ ಮಣ್ಣಿನಿಂದ ಯಂತ್ರಕ್ಕೆ ಲೆಕ್ಕ ಕಲಿಸಿದ್ದೀರಿ ಅಂತ ಕೇಳಿದೆ. ಹುಡುಗ ಆಫೀಸಿಗೆ ಫೋನ್ ಮಾಡಿ ಹೇಳಿದ: ಜಾಸ್ತಿ ಕಪ್ಪು ಮಣ್ಣಂತೆ. ನೀವೂ ಇದನ್ನು ಮೊದಲೇ ಕೇಳಿ. ಸುಮ್ನೆ ಅದರ ಮಾತು ಕೇಳಿ ಗೊಬ್ಬರ ಕೊಳ್ಳಬೇಡಿ. ಸತು, ಬೋರಾನ್‌ಗೂ ಲ್ಯಾಬೇ ಸರಿ.

ಈ ಸಲ ಡಿಎಪಿ ತರಲಿಲ್ಲ. ಆ ದುಡ್ಡಿಗೆ ಎರಡು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ತರಿಸಿ, ಅಷ್ಟನ್ನೂ ದಿಣ್ಣೆಗೇ ಹಾಕಿಸಿದೆ.