ಕಲೆ ಯಾವುದು, ಅಜ್ಜಿಯ ಹಚ್ಚೆ ಯಾವುದು ಅಂತ ಕೇಳಿದ ಸ್ಟುಡಿಯೊ

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ ಸಣ್ಣ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಫೋಟೊ, ಮದುವೆ ಆಲ್ಬಮ್, ಅದರ ಜೊತೆಗೆ ಹಳೇ ಫೋಟೊ ರಿಪೇರಿ. ಎಲ್ಲವನ್ನೂ ಮಾಲೀಕರು ಒಬ್ಬರೇ ಮಾಡುತ್ತಾರೆ. "ಹೆಸರು ಮಾತ್ರ ಹಾಕಬೇಡಿ, ಇರೋ ಕೆಲಸವೇ ಮುಗೀತಿಲ್ಲ" ಅಂತ ಕೇಳಿಕೊಂಡಿದ್ದಾರೆ, ಅದಕ್ಕೆ ಹೆಸರು ಬರೆಯುತ್ತಿಲ್ಲ. ಆದರೆ ಅವರು ಕೆಲಸ ಮಾಡಿದ ರೀತಿ ಬರೆಯಲೇಬೇಕು ಅನ್ನಿಸಿತು. ನಿಮ್ಮ ಫೋಟೊಗಳನ್ನು ನೀವು ಯಾವ ಊರಿನಲ್ಲಿ, ಯಾರ ಹತ್ತಿರ ಕೊಟ್ಟರೂ ಇದು ಉಪಯೋಗಕ್ಕೆ ಬರುತ್ತೆ.

ಅಪ್ಪನ ಮನೆ ಸಾಗರದ ಕಡೆ. ಅಜ್ಜ-ಅಜ್ಜಿ ಮುಳುಗಡೆಯವರು. ಲಿಂಗನಮಕ್ಕಿ ಆಣೆಕಟ್ಟು 1964ರಲ್ಲಿ ಮುಗಿದು ಶರಾವತಿ ನೀರು ನಿಂತಾಗ ಗದ್ದೆ, ತೋಟ, ದೇವರ ಬನ ಎಲ್ಲ ಬಿಟ್ಟು ಬಂದ ಸಾವಿರಾರು ಮನೆಗಳಲ್ಲಿ ನಮ್ಮದೂ ಒಂದು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ 1948ರ ಹಳೇ ಹಿರೇಭಾಸ್ಕರ ಆಣೆಕಟ್ಟು ಮೇಲೆ ಕಾಣುತ್ತೆ, ಜನ ನೋಡೋಕೆ ಹೋಗುತ್ತಾರೆ, ನಾವೂ ಹೋಗಿದ್ದೆವು. ಅಪ್ಪ ಅಲ್ಲೇ ನಿಂತು "ನಮ್ಮನೆ ಆ ಕಡೆ ಎಲ್ಲೋ" ಅಂತ ಕೈ ತೋರಿಸಿದರು. ಅಷ್ಟೇ. ಅಜ್ಜನ ಮನೆ ಅಂತ ನಮಗೆ ಉಳಿದಿರುವುದು ನಾಲ್ಕು ಫೋಟೊ.

ಆ ನಾಲ್ಕೂ ಅಟ್ಟದ ಮೇಲೆ ಟ್ರಂಕಿನಲ್ಲಿದ್ದವು. ಮಲೆನಾಡಿನ ಮಳೆ, ಕೆಳಗಿಂದ ಒಲೆಯ ಹೊಗೆ, ಸಾಲದ್ದಕ್ಕೆ ಹುಳ. ಎರಡು ಫೋಟೊ ಕಟ್ಟಿನ ಗಾಜಿಗೇ ಅಂಟಿಕೊಂಡಿದ್ದವು. ಒಂದು ಅಜ್ಜ-ಅಜ್ಜಿ ಸಾಗರದ ಯಾವುದೋ ಸ್ಟುಡಿಯೊದಲ್ಲಿ ತೆಗೆಸಿಕೊಂಡಿದ್ದು. ಹಿಂದೆ ಕಂಬ, ಮೆಟ್ಟಿಲು ಬರೆದ ಪರದೆ, ಪಕ್ಕದ ಸ್ಟೂಲಿನ ಮೇಲೆ ಒಂದು ಹೂವಿನ ಕುಂಡ, ಅಜ್ಜನ ಕೈಯಲ್ಲಿ ವಾಚು. ಆ ವಾಚು ಅಜ್ಜನದ್ದಲ್ಲ, ಸ್ಟುಡಿಯೊದವರೇ ಕಟ್ಟಿದ್ದು ಅಂತ ಅಪ್ಪ ಯಾವಾಗಲೂ ಹೇಳುತ್ತಾರೆ. ನಾಲ್ಕನೆಯದು ಎರಡೂಕಾಲು ಇಂಚಿನ ಚೌಕದ ಪುಟ್ಟ ಫೋಟೊ, ಬಾಕ್ಸ್ ಕ್ಯಾಮೆರಾದ್ದು. ಒಂದು ರೋಲಿಗೆ 12 ಫೋಟೊ ಬರುತ್ತಿತ್ತಲ್ಲ, ಆ ಥರದ್ದು. ಅಂಗಳದಲ್ಲಿ ಎಲ್ಲರೂ ನಿಂತಿದ್ದಾರೆ.

ಇಲ್ಲಿಗೆ ಬರುವ ಮೊದಲು ಹೋದ ವರ್ಷ ಬೇರೊಂದು ಕಡೆ ಕೊಟ್ಟಿದ್ದೆ. ಹತ್ತೇ ನಿಮಿಷದಲ್ಲಿ ಮಾಡಿಕೊಟ್ಟರು. ಯಾವುದೋ ಎಐ ಆ್ಯಪಿಗೆ ಹಾಕಿ, ಬಣ್ಣ ತುಂಬಿಸಿ, ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿಸಿದ್ದರು. ಮೊದಲು ನೋಡಿದಾಗ ನನಗೂ ಖುಷಿಯಾಯಿತು, ಎಷ್ಟು ಸ್ಪಷ್ಟವಾಗಿದೆ ಅಂತ. ಮನೆಗೆ ತಂದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿ "ಇದು ಯಾರು?" ಅಂದರು.

ಅಜ್ಜಿಯ ಹುಬ್ಬಿನ ನಡುವೆ ಒಂದು ಹಚ್ಚೆ ಇತ್ತು, ಗಲ್ಲದ ಮೇಲೆ ಮೂರು ಚುಕ್ಕಿ. ಆ್ಯಪು ಅದನ್ನೆಲ್ಲ ಕಲೆ ಅಂತ ತಿಳಿದು ಒರೆಸಿ ಹಾಕಿತ್ತು. ಮೂಗುಬೊಟ್ಟು ಹೋಗಿ ನೆರಳಿನ ಥರ ಏನೋ ಬಂದಿತ್ತು. ಕಣ್ಣು ಬೇರೆ ಯಾರದ್ದೋ. ಆ ಆ್ಯಪುಗಳು ಇರುವುದನ್ನು ಸ್ಪಷ್ಟ ಮಾಡುವುದಿಲ್ಲ, ಸಾವಿರಾರು ಬೇರೆ ಮುಖ ನೋಡಿ ಕಲಿತ ಅಂದಾಜಿನಲ್ಲಿ ಇಲ್ಲದ್ದನ್ನು ತುಂಬಿಸುತ್ತವೆ. ಚೆಂದದ ಒಂದು ಮುಖ ಸಿಗುತ್ತೆ, ಅದು ನಮ್ಮ ಅಜ್ಜಿಯದ್ದೇ ಆಗಿರಬೇಕು ಅಂತಿಲ್ಲ. ಆ ಪ್ರಿಂಟನ್ನು ನಾವು ಗೋಡೆಗೆ ಹಾಕಲೇ ಇಲ್ಲ.

ದುರ್ಗಿಗುಡಿಯವರು ಮಾಡಿದ್ದೇ ಬೇರೆ. ಮೊದಲ ದಿನ ರಿಪೇರಿ ಮಾತೇ ಎತ್ತಲಿಲ್ಲ. ಫೋಟೊ ತಿರುಗಿಸಿ ಹಿಂಭಾಗ ನೋಡಿದರು. ಅರ್ಧ ಹುಳ ತಿಂದ ಸ್ಟುಡಿಯೊ ಮುದ್ರೆ, ಅದರ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ನಂಬರು. ನಾವು ಇಷ್ಟು ವರ್ಷ ತಿರುಗಿಸಿ ನೋಡಿದ್ದೇ ಇಲ್ಲ! ಅದು ನೆಗೆಟಿವ್ ನಂಬರು ಇರಬಹುದು ಅಂತ ಹೇಳಿ, ಮುಂದೆ ಹಿಂದೆ ಎರಡೂ ಕಡೆ ಸ್ಕ್ಯಾನ್ ಮಾಡಿಕೊಂಡರು. ಫೋಟೊದ ಕಪ್ಪು ಭಾಗ, ಅಂಚಿನ ಹತ್ತಿರ ಕನ್ನಡಿ ಥರ ಹೊಳೆಯುತ್ತಿತ್ತು. ಅದು ಕೊಳೆ ಅಂತ ನಾನು ಸೆರಗಿನಿಂದ ಒರೆಸಲು ಹೋದೆ, ತಡೆದರು. ಕಪ್ಪು-ಬಿಳುಪು ಫೋಟೊದ ಕಪ್ಪೆಲ್ಲ ಬೆಳ್ಳಿಯ ಕಣ, ತೇವ ತಾಗಿ ಆ ಬೆಳ್ಳಿ ಮೇಲಕ್ಕೆ ಬಂದಿದೆ, ಒರೆಸಿದರೆ ಚಿತ್ರವೇ ಹೋಗುತ್ತೆ ಅಂದರು.

ಗಾಜಿಗೆ ಅಂಟಿದ್ದನ್ನು ಕೀಳಲೇ ಇಲ್ಲ. ಕಿತ್ತರೆ ಮುಖ ಗಾಜಿನ ಮೇಲೆ, ಕಾಗದ ಕೈಯಲ್ಲಿ. ಗಾಜಿನ ಸಮೇತ ಮೇಜಿನ ಮೇಲಿಟ್ಟು, ಎರಡು ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ಮೇಲಿಂದ ಕ್ಯಾಮೆರಾದಲ್ಲಿ ತೆಗೆದರು. ಮನೆಯಲ್ಲಿ ಬಳಸುವ ತೆಳ್ಳಗಿನ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಗಾಜಿಗೆ ತಾಗಿದ್ದನ್ನು ಮಾತ್ರ ಸರಿಯಾಗಿ ಹಿಡಿಯುತ್ತವೆ, ನಡುವೆ ಇನ್ನೊಂದು ಗಾಜು ಬಂದರೆ ಮಸುಕಾಗುತ್ತೆ. ಇದು ನನಗೆ ಗೊತ್ತಿರಲಿಲ್ಲ. ಪುಟ್ಟ ಚೌಕದ ಫೋಟೊವನ್ನು 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರು. ಎರಡೂಕಾಲು ಇಂಚು ಅಂದರೆ 2700 ಪಿಕ್ಸೆಲ್, 300 ಡಿಪಿಐನಲ್ಲಿ ಪ್ರಿಂಟ್ ಹಾಕಿದರೆ 9 ಇಂಚು. ಬೆರಳಿನಷ್ಟಿದ್ದ ಜನ ಕೈಯಷ್ಟಾದರು.

ಆಮೇಲೆ ನನಗೆ ತುಂಬ ಇಷ್ಟವಾದ ಕೆಲಸ. ಪ್ರತಿ ಫೋಟೊವನ್ನೂ ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿ, ಒಂದು ಕೆಂಪು ಪೆನ್ನು ಕೊಟ್ಟು ಮನೆಗೆ ಕಳಿಸಿದರು. "ಕಲೆ ಅಂತ ಖಾತ್ರಿ ಇದ್ದರೆ ಸುತ್ತು ಹಾಕಿ. ಗೊತ್ತಿಲ್ಲ ಅಂದ್ರೆ ಪ್ರಶ್ನೆ ಗುರುತು ಹಾಕಿ. ಮನೇಲಿ ದೊಡ್ಡವರಿದ್ರೆ ಅವರಿಗೆ ತೋರಿಸಿ, ನಾನಂತೂ ನಿಮ್ಮ ಅಜ್ಜಿನ ನೋಡಿಲ್ಲ."

ಆ ಹಾಳೆಗಳನ್ನು ಸಾಗರಕ್ಕೆ ತೆಗೆದುಕೊಂಡು ಹೋದೆ. ಅಲ್ಲಿ ನಮ್ಮ ಅತ್ತೆ ಇದ್ದಾರೆ, ಅಪ್ಪನ ಅಕ್ಕ. ಊರು ಬಿಟ್ಟಾಗ ಅವರಿಗೆ ಎಂಟೋ ಒಂಬತ್ತೋ ವರ್ಷ. ಜಗಲಿ ಮೇಲೆ ಕೂತು ಹಾಳೆ ಹರಡಿದೆವು. ಅಜ್ಜಿಯ ಹಚ್ಚೆಗೆ ಅವರೇ ಬೆರಳಿಟ್ಟು "ಇದು ಇರ್ಲಿ" ಅಂದರು. ಅಂಗಳದ ಫೋಟೊದ ಎಡಗಡೆ ಅಂಚಿನಲ್ಲಿ ಪಟ್ಟೆ ಪಟ್ಟೆಯಾಗಿ ಏನೋ ಕಾಣುತ್ತಿತ್ತು. ಬೂಷ್ಟು ಹಿಡಿದಿದ್ದು ಅಂತಲೇ ನಾನು ಮೊದಲೇ ಸುತ್ತು ಹಾಕಿದ್ದೆ.

"ಅದು ಕಲೆ ಅಲ್ಲ ಮಾರಾಯ್ತಿ, ಹಂಚು!" ಅಂದರು ಅತ್ತೆ.

ಮಂಗಳೂರು ಹಂಚು, ಒಂದರ ಪಕ್ಕ ಒಂದು ನಿಲ್ಲಿಸಿ ಜೋಡಿಸಿದ್ದು. ಮೇಲೆ ಕಣ್ಣಾಡಿಸಿದರೆ ಮಾಡಿನಲ್ಲಿ ಬರೀ ಪಕಾಸು, ರೀಪು, ಹಂಚು ಹೊರುವ ಮರದ ಪಟ್ಟಿಗಳು. ಅಲ್ಲಿಂದ ಆಕಾಶ ಕಾಣುತ್ತೆ. ಇಷ್ಟು ವರ್ಷ ನಾವು ಅದನ್ನು ಯಾವುದೋ ಹಬ್ಬದ ಫೋಟೊ ಅಂದುಕೊಂಡಿದ್ದೆವು, ಎಲ್ಲರೂ ಒಳ್ಳೇ ಬಟ್ಟೆ ಹಾಕಿಕೊಂಡಿದ್ದಾರಲ್ಲ ಅಂತ. ಅದು ಮನೆ ಬಿಚ್ಚಿದ ದಿನ. ಬಾಗಿಲು, ಕಂಬ, ಹಂಚು ಎಲ್ಲ ಗಾಡಿಗೆ ಹೇರುವ ಮೊದಲು, ಕ್ಯಾಮೆರಾ ಇದ್ದ ನೆಂಟರೊಬ್ಬರು ಬಂದಿದ್ದರಂತೆ. ಕೊನೇ ಸಲ ಅಂತ ಅಜ್ಜಿ ಎಲ್ಲರಿಗೂ ಬಟ್ಟೆ ಬದಲಾಯಿಸಿ ನಿಲ್ಲಿಸಿದರಂತೆ. ಅತ್ತೆ ಇಷ್ಟು ಹೇಳಿ ಸುಮ್ಮನಾದರು. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಕೊಟ್ಟಿಗೆಯ ಮಾಡು ತೋರಿಸಿದರು. ಅದೇ ಹಂಚು. ಒಂದನ್ನು ತೆಗೆದು ತಿರುಗಿಸಿದರೆ ಕಾರ್ಖಾನೆಯ ಅಚ್ಚು ಇನ್ನೂ ಕೈಗೆ ಸಿಗುತ್ತೆ. ನಾನು ಚಿಕ್ಕವಳಿದ್ದಾಗ ಆ ಕೊಟ್ಟಿಗೆಯಲ್ಲಿ ಎಷ್ಟು ಆಡಿದ್ದೇನೋ.

ಸುತ್ತು ಹಾಕಿದ ಹಾಗೇ ಕೊಟ್ಟಿದ್ದರೆ ಆ ಹಂಚು ಫೋಟೊದಿಂದ ಹೋಗುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತೆ.

ಕೆಲಸ ಮುಗಿಯಲು ನಾಲ್ಕು ವಾರ ಹಿಡಿಯಿತು, ಎರಡು ವಾರ ಅಂದಿದ್ದರು. ಫೋನ್ ಮಾಡಿದರೆ ಎತ್ತುವುದು ಅಪರೂಪ, ನೇರ ಹೋಗುವುದೇ ಒಳ್ಳೆಯದು. ಒಂದು ಫೋಟೊಗೆ ಸ್ಕ್ಯಾನು, ರಿಪೇರಿ, ಒಂದು ಪ್ರಿಂಟು ಸೇರಿ 450 ರೂಪಾಯಿ ತೆಗೆದುಕೊಂಡರು. ಗಾಜಿಗೆ ಅಂಟಿದ್ದಕ್ಕೆ 600. ಹತ್ತು ನಿಮಿಷದ ಅಂಗಡಿಗಿಂತ ಜಾಸ್ತಿ, ಆದರೆ ಪೆನ್‌ಡ್ರೈವಿನಲ್ಲಿ ರಿಪೇರಿ ಮಾಡದ ಮೂಲ ಸ್ಕ್ಯಾನು, ಗುಣಮಟ್ಟ ಕಡಿಮೆಯಾಗದ ಟಿಫ್ ಫೈಲಾಗಿ ಬೇರೆ, ರಿಪೇರಿ ಮಾಡಿದ್ದು ಬೇರೆ ಕೊಡುತ್ತಾರೆ. ಮೂಲ ಸ್ಕ್ಯಾನ್ ಕೇಳದೆ ಎಲ್ಲಿಂದಲೂ ಬರಬೇಡಿ. ಬಣ್ಣ ತುಂಬಿಸಿ ಅಂದೆ, "ಸೀರೆ ಬಣ್ಣ ಗೊತ್ತಾ?" ಅಂತ ಕೇಳಿದರು. ಗೊತ್ತಿಲ್ಲ. ಹಾಗಾದರೆ ಬೇಡ ಅಂದರು. ಸರಿ ಅಲ್ವಾ?

ಕಟ್ಟು ಹಾಕಿಸುವುದು ಮಾತ್ರ ಅಲ್ಲಿ ಬೇಡ. ಅಂಚು ಸರಿಯಾಗಿ ಕೂತಿಲ್ಲ, ನಮ್ಮ ಮಳೆಗೆ ಅದು ತಡೆಯುವುದಿಲ್ಲ. ಬೇರೆ ಕಡೆ, ಫೋಟೊಗೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಇಡಿಸಿ ಹಾಕಿಸಿದೆ. ಗಾಜು ತಾಗದಿದ್ದರೆ ಅಂಟುವುದಿಲ್ಲ. ಗೋಡೆಗೆ ಹೊಸ ಪ್ರಿಂಟು ಹಾಕಿ, ಮೂಲ ಫೋಟೊವನ್ನು ಒಣ ಜಾಗದಲ್ಲಿ ಕಾಗದದ ಕವರಿನಲ್ಲಿಡಿ, ಅಟ್ಟದ ಮೇಲೆ ಬೇಡ. ಮೂಲ ಫೋಟೊಗೆ ಲ್ಯಾಮಿನೇಷನ್ ಅಂತೂ ಖಂಡಿತ ಬೇಡ, ಒಮ್ಮೆ ಮಾಡಿದರೆ ಬಿಡಿಸಲು ಆಗುವುದಿಲ್ಲ.

ಹೋಗುವುದಾದರೆ ಮಳೆ ಶುರುವಾಗುವ ಮೊದಲು ಹೋಗಿ. ಜೂನ್ ಆದಮೇಲೆ ಹಳೇ ಫೋಟೊ ತೇವ ಎಳೆದುಕೊಂಡು ಮೆತ್ತಗಾಗುತ್ತವೆ, ಅವರು ಮುಟ್ಟಲು ಹೆದರುತ್ತಾರೆ. ಭಾನುವಾರ ರಜ. ಅತ್ತೆಯ ಟ್ರಂಕಿನಲ್ಲಿ ಇನ್ನೂ ಏಳು ಫೋಟೊ ಸಿಕ್ಕಿವೆ, ಒಂದರಲ್ಲಿ ನಮಗ್ಯಾರಿಗೂ ಗುರುತು ಸಿಗದ ಹೆಂಗಸೊಬ್ಬರು ಅಜ್ಜಿಯ ಭುಜ ಹಿಡಿದು ನಿಂತಿದ್ದಾರೆ. ಮುಂದಿನ ವಾರ ಅವನ್ನು ತೆಗೆದುಕೊಂಡು ಹೋಗುತ್ತಿದ್ದೇನೆ.